ಮೋಟರ್‌ಹೋಮ್‌ನಲ್ಲಿ ಮೊದಲ ದಿನ: ಗಾಡಿ ಚೆನ್ನಾಗಿದೆ, ಹೇಳಿಕೊಟ್ಟಿದ್ದು ಸಾಲದು

ಏಪ್ರಿಲ್‌ನಲ್ಲಿ ನ್ಯೂಜಿಲೆಂಡ್‌ಗೆ ಹೋಗಿದ್ದಾಗ ಕ್ರೈಸ್ಟ್‌ಚರ್ಚ್ ಏರ್‌ಪೋರ್ಟ್ ಹತ್ತಿರ ಒಂದು ಮೋಟರ್‌ಹೋಮ್ ಬಾಡಿಗೆಗೆ ತಗೊಂಡೆವು, ಅಂದರೆ ಒಲೆ, ಹಾಸಿಗೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿ. ಮಗ, ಸೊಸೆ, ನಾನು, ನಮ್ಮೆಜಮಾನ್ರು. ಇದು ಮಗನ ಆಸೆ. ನನಗೆ ಹೋಟೆಲ್ ರೂಮೇ ಸಾಕಿತ್ತು. ಕಂಪನಿ ಹೆಸರು ಬೇಡ ಬಿಡಿ. ಮೊದಲ ದಿನದ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ಆಮೇಲಿನ ಐದು ದಿನ ಹೇಳಿಕೊಳ್ಳುವಂಥ ತೊಂದರೆಯೇ ಆಗಲಿಲ್ಲ.

ಕೌಂಟರ್‌ನ ಹುಡುಗಿ ನಗುನಗುತ್ತಲೇ ಹತ್ತಾರು ಕಡೆ ಸಹಿ ಹಾಕಿಸಿಕೊಂಡಳು. ಗಾಡಿ ತೋರಿಸಿದ್ದು ಮಾತ್ರ ಹತ್ತೇ ನಿಮಿಷ. ಇದು ನೀರು, ಇದು ಗ್ಯಾಸ್, ಇದು ಕರೆಂಟು, ಮಿಕ್ಕಿದ್ದೆಲ್ಲ ವಿಡಿಯೊದಲ್ಲಿದೆ ಅಂದಳು. ಶಿವಮೊಗ್ಗದಲ್ಲಿ ಮಿಕ್ಸಿ ಕೊಂಡರೆ ಅಂಗಡಿಯವರು ಇದಕ್ಕಿಂತ ಜಾಸ್ತಿ ಹೊತ್ತು ಹೇಳಿಕೊಡುತ್ತಾರೆ.

ಮೊದಲ ಸರ್ಕಲ್‌ನಲ್ಲೇ ಗೊತ್ತಾಯಿತು. ಮಗ ಗಾಡಿ ತಿರುಗಿಸಿದ್ದೇ ತಡ, ಹಿಂದೆ ಡ್ರಾಯರ್‌ಗಳೆಲ್ಲ ಸುಯ್ ಅಂತ ಹೊರಬಂದು ಚಮಚ, ಲೋಟ, ನಾನು ಆಗಷ್ಟೇ ಜೋಡಿಸಿದ್ದ ಸಾಸಿವೆ ಡಬ್ಬಿ ಎಲ್ಲ ನೆಲಕ್ಕೆ. ಆ ಡ್ರಾಯರ್‌ಗಳಿಗೆ ಒಂದು ಗುಂಡು ಗುಂಡಿ ಇರುತ್ತದೆ. ಅದು ಹೊರಗೆ ಉಬ್ಬಿದ್ದರೆ ಡ್ರಾಯರ್ ತೆರೆಯುತ್ತದೆ, ಒಳಗೆ ಒತ್ತಿದರೆ ಲಾಕ್. ಅಷ್ಟೇ ವಿಷಯ. ಆದರೆ ಯಾರಾದರೂ ಹೇಳಬೇಕಲ್ಲ! ಆರು ದಿನ ಆದಮೇಲೂ ಗಾಡಿಯ ಮೂಲೆಯಲ್ಲಿ ಸಾಸಿವೆ ಸಿಗುತ್ತಿತ್ತು.

ದಾರಿ ಮಾತ್ರ ಸೊಗಸು. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದರಿಂದ ಗಲಿಬಿಲಿ ಇಲ್ಲ. ರಕಾಯ ನದಿಯ ಸೇತುವೆ ಮುಗಿಯುವುದೇ ಇಲ್ಲವೇನೋ ಅನ್ನಿಸಿತು, 1.7 ಕಿಲೋಮೀಟರ್ ಮೇಲಿದೆಯಂತೆ, ಆ ದೇಶದಲ್ಲೇ ಉದ್ದದ್ದು. ನದಿಯಲ್ಲಿ ನೀರಿಗಿಂತ ಜಲ್ಲಿಕಲ್ಲೇ ಜಾಸ್ತಿ. ಆಮೇಲೆ ಜೆರಾಲ್ಡೀನ್, ಫೇರ್ಲಿ, ಬರ್ಕ್ಸ್ ಪಾಸ್ ದಾಟಿ ಟೆಕಪೊ ಸರೋವರ. ಸುಮಾರು 230 ಕಿಲೋಮೀಟರ್. ಮ್ಯಾಪ್ ಮೂರು ಗಂಟೆ ಅಂದಿತ್ತು, ನಮಗೆ ಐದಾಯಿತು. ಗಾಳಿ ಬೀಸಿದಾಗ ಎತ್ತರದ ಗಾಡಿ ಓಲಾಡುತ್ತದೆ, ಮಗ 80 ದಾಟಿಸಲೇ ಇಲ್ಲ. ಅದೇ ಒಳ್ಳೆಯದಾಯಿತು.

ಟೆಕಪೊದ ಹಾಲಿಡೇ ಪಾರ್ಕ್‌ನಲ್ಲಿ, ಅಂದರೆ ಇಂಥ ಗಾಡಿಗಳು ರಾತ್ರಿ ತಂಗುವ ಜಾಗದಲ್ಲಿ, ಕರೆಂಟ್ ಇರುವ ಕಡೆ ಬುಕ್ ಮಾಡಿದ್ದೆವು. ನೀಲಿ ಪ್ಲಗ್‌ನ ದಪ್ಪ ವೈರನ್ನು ಕಂಬಕ್ಕೆ ಸಿಕ್ಕಿಸಿದ ಮೇಲೆ ಒಳಗಿನ ಸಾಕೆಟ್‌ಗಳು ಕೆಲಸ ಮಾಡುತ್ತವೆ. ಅಲ್ಲಿಯವರೆಗೆ ಬ್ಯಾಟರಿಯಿಂದ ದೀಪ, ನೀರಿನ ಪಂಪು ಇಷ್ಟೇ. ಸಾಕೆಟ್‌ಗೆ ಕರೆಂಟ್ ಬಂತು, ಮೈಕ್ರೊವೇವ್ ಬಂತು. ಒಲೆ ಹತ್ತಲಿಲ್ಲ. ಬಿಸಿನೀರೂ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದರು. ಕತ್ತಲಾಗುತ್ತಿತ್ತು, ಚಳಿ ಬೇರೆ. ಕೊನೆಗೆ ಪಕ್ಕದ ಗಾಡಿಯ ಅಜ್ಜ, ಆ ಚಳಿಯಲ್ಲೂ ಚಡ್ಡಿಯಲ್ಲೇ ಇದ್ದರು, ಬಂದು ಹೊರಗಿನ ಚಿಕ್ಕ ಬಾಗಿಲು ತೆಗೆದು ಸಿಲಿಂಡರ್‌ನ ವಾಲ್ವ್ ತಿರುಗಿಸಿದರು. ಗಾಡಿ ಓಡುವಾಗ ಅದು ಮುಚ್ಚಿರಬೇಕು, ನಿಂತ ಮೇಲೆ ತೆಗೆಯಬೇಕು. ನ್ಯಾಯವೇ. ಇದನ್ನೂ ನಮಗೆ ಹೇಳಿರಲಿಲ್ಲ.

ಒಲೆ ಹತ್ತಿದ ಮೇಲೆ ನನಗೆ ಆ ಗಾಡಿ ಇಷ್ಟವಾಗತೊಡಗಿತು. ಮೂರು ಬರ್ನರ್, ಉರಿ ಜೋರು. ಊರಿಂದ ತಂದ ಮೂರು ಲೀಟರ್ ಕುಕ್ಕರ್ ಸರಿಯಾಗಿ ಕೂತಿತು. ಕಿಟಕಿಯಾಚೆ ನೀಲಿ ಸರೋವರ, ಒಳಗೆ ಬೇಳೆ ಬೇಯುವ ವಾಸನೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ್ದೇ ತಡ, ಹೊಗೆಯ ಅಲಾರಂ ಕಿರುಚಿಕೊಂಡಿತು. ಸೊಸೆ ಟವೆಲ್ ಬೀಸಿದಳು, ಇವರು ಬಾಗಿಲು ತೆಗೆದರು, ಅಜ್ಜ ಮತ್ತೆ ಓಡಿ ಬಂದರು. ಅವರಿಗೂ ಒಂದು ಲೋಟ ಸಾರು ಕೊಟ್ಟೆ. ಒಗ್ಗರಣೆ ಹಾಕುವ ಮೊದಲು ಮೇಲಿನ ಕಿಂಡಿ ತೆರೆದು ಫ್ಯಾನ್ ಹಾಕಿ.

ಮಲಗುವ ವಿಷಯ. ಡ್ರೈವರ್ ತಲೆ ಮೇಲಿನ ಹಾಸಿಗೆಗೆ ಏಣಿ ಹತ್ತಬೇಕು, ಮಂಡಿನೋವಿನವರಿಗೆ ಆಗಲ್ಲ. ಹಿಂದಿನ ಮೇಜು ಇಳಿಸಿ ಹಾಸಿಗೆ ಮಾಡಿಕೊಂಡೆವು, ನಮ್ಮಿಬ್ಬರಿಗೆ ಸಾಕಾಯಿತು. ಟಾಯ್ಲೆಟ್‌ನಲ್ಲಿ ನೀರಿನ ಪೈಪ್ ಇಲ್ಲ, ಚೊಂಬು ತಗೊಂಡು ಹೋಗಿ. ಟಾಯ್ಲೆಟ್‌ನ ಕೊಳೆ ತುಂಬುವ ಡಬ್ಬಿಯನ್ನು ನಾವೇ ಎಳೆದುಕೊಂಡು ಹೋಗಿ ಖಾಲಿ ಮಾಡಬೇಕು. ಅದು ಕೇಳಿದ್ದೇ ನಮ್ಮೆಜಮಾನ್ರು ಒಳಗೆ ಹೋಗುವುದೇ ಇಲ್ಲ ಅಂತ ಹಟ ಹಿಡಿದರು. ಇನ್ನೊಂದು, ಅಲ್ಲಿ ಡೀಸೆಲ್ ಗಾಡಿಗೆ ರಸ್ತೆ ತೆರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬೇರೆ ಇರುತ್ತದೆ. ನಮ್ಮದು ಗಾಡಿ ವಾಪಸ್ ಕೊಡುವಾಗ ಬಿಲ್ಲಿಗೆ ಸೇರಿತು. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಗಾಡಿಗೆ 5ಕ್ಕೆ 4 ಕೊಡುತ್ತೇನೆ. ಹೇಳಿಕೊಟ್ಟ ರೀತಿಗೆ 2, ಅದೂ ಆ ಹುಡುಗಿಯ ನಗುವಿಗೆ. ನೀವು ಹೋದರೆ ಅವಳು ಹೇಳುವಾಗ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಗ್ಯಾಸ್ ಹತ್ತಿಸಿ ತೋರಿಸುವವರೆಗೆ ಕದಲಬೇಡಿ.

ರಾತ್ರಿ ಹನ್ನೆರಡೂವರೆಗೆ ಇವರು ಹಟ ಬಿಡದೆ ಶಾಲು ಹೊದ್ದುಕೊಂಡು ಪಾರ್ಕಿನ ಟಾಯ್ಲೆಟ್‌ಗೆ ನಡೆದು ಹೋದರು. ಟೆಕಪೊದಲ್ಲಿ ಆಕಾಶ ಕಾಣಲೆಂದೇ ಬೀದಿದೀಪಗಳ ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮಾಡಿದ್ದಾರೆ. 2012ರಿಂದ ಆ ಸೀಮೆಯೇ ಕತ್ತಲ ಆಕಾಶದ ಮೀಸಲು ಪ್ರದೇಶ. ವಾಪಸ್ ಬಂದವರು ಬಾಗಿಲಲ್ಲೇ ನಿಂತು, "ಏಳೇ, ತ್ರಿಶಂಕು ನೆತ್ತಿ ಮೇಲೆ ಬಂದಿದ್ದಾನೆ" ಅಂದರು. ನಮ್ಮೂರಲ್ಲಿ ಬೇಸಿಗೆಯಲ್ಲಿ ದಕ್ಷಿಣಕ್ಕೆ, ತೆಂಗಿನ ಮರದ ಸಂದಿಯಲ್ಲಿ ಹುಡುಕಬೇಕು ಆ ನಕ್ಷತ್ರಪುಂಜವನ್ನು.

"ಮೊದಲು ಬಾಗಿಲು ಹಾಕ್ರೀ, ಚಳಿ" ಅಂದೆ. ಆಮೇಲೆ ಸ್ವೆಟರ್ ಹುಡುಕಿಕೊಂಡು ನಾನೂ ಇಳಿದೆ.