ಮೊದಲ ಹ್ಯಾರಿ ಪಾಟರ್ ಗೇಮ್: ಕಲರ್‌ನದಾ, ಅಡ್ವಾನ್ಸ್‌ನದಾ?

ಮೊದಲ ಹ್ಯಾರಿ ಪಾಟರ್ ಸಿನಿಮಾ ಬಂದ 2001ರಲ್ಲೇ, ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಮಷೀನ್‌ಗಳಾದ ಗೇಮ್ ಬಾಯ್ ಕಲರ್‌ಗೂ ಗೇಮ್ ಬಾಯ್ ಅಡ್ವಾನ್ಸ್‌ಗೂ ಅದರ ಗೇಮ್ ಬಂತು. ಹೆಸರು ಒಂದೇ, ಆಟ ಪೂರ್ತಿ ಬೇರೆ.

ಅಡ್ವಾನ್ಸ್‌ನದು ನೋಡಲು ಚೆಂದ. ಹ್ಯಾರಿಯ ಮಾಂತ್ರಿಕ ಶಾಲೆ ಹಾಗ್ವರ್ಟ್ಸ್ ಮೇಲಿನಿಂದ ಕಾಣುತ್ತದೆ. ಓಡಾಡುತ್ತಾ, ಮಂತ್ರ ಹಾಕಿ ಕಲ್ಲು ತಳ್ಳಿ ದಾರಿ ಮಾಡಿಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಇದೇ ಸರಿ.

ನನ್ನ ಓಟು ಮಾತ್ರ ಕಲರ್‌ಗೆ. ಇದು ಸರದಿ ಪ್ರಕಾರ ಕಾದಾಡುವ ಆರ್‌ಪಿಜಿ, ಅಂದರೆ ಪಾತ್ರವನ್ನು ಬೆಳೆಸುತ್ತಾ ಹೋಗುವ ಆಟ. ಇಲಿಯೊಂದು ಎದುರಾದರೂ ಯಾವ ಮಂತ್ರ ಹಾಕಲಿ ಅಂತ ಯೋಚಿಸಬೇಕು. ಗೆದ್ದಷ್ಟೂ ಹ್ಯಾರಿಯ ಲೆವೆಲ್ ಏರುತ್ತದೆ. ಮಾಂತ್ರಿಕರ ಕಾರ್ಡ್‌ಗಳು ಸುಮ್ನೆ ಕೂಡಿಡುವುದಕ್ಕಲ್ಲ. ಸರಿಯಾಗಿ ಜೋಡಿಸಿದರೆ ಕಾಳಗದಲ್ಲೂ ಕೈ ಹಿಡಿಯುತ್ತವೆ. ಓದುವುದು ಜಾಸ್ತಿ, ತಾಳ್ಮೆ ಬೇಕು.

ಕೊಳ್ಳುವ ಮೊದಲು ನಿಮ್ಮ ಮಷೀನ್ ಯಾವುದು ನೋಡಿಕೊಳ್ಳಿ. ನಿಂಟೆಂಡೊದ್ದೇ ಇನ್ನೊಂದು ಮಷೀನ್ ಡಿಎಸ್ ಲೈಟ್‌ನಲ್ಲಿ ಈ ಎರಡರಲ್ಲಿ ಅಡ್ವಾನ್ಸ್ ಕಾರ್ಟ್ರಿಜ್ (ಗೇಮ್ ಇರುವ ಚಿಕ್ಕ ಡಬ್ಬಿ) ಮಾತ್ರ ಓಡುತ್ತದೆ. ಅಡ್ವಾನ್ಸ್‌ನ ಮಡಚುವ ಮಾದರಿಯಾದ ಅಡ್ವಾನ್ಸ್ ಎಸ್‌ಪಿ ಇದ್ದರೆ ಎರಡನ್ನೂ ಆಡಬಹುದು.