ಗಂಜಿ ತೆಳಿಯೂ ಎದೆಯಲ್ಲಿ ನಿಂತರೆ ಗ್ಯಾಸ್ ಅಂತ ಬಿಡಬೇಡಿ

ಮನೆಯಲ್ಲಿ ವಯಸ್ಸಾದವರು ಇರುವವರೆಲ್ಲ ದಯವಿಟ್ಟು ಓದಿ. ಉಂಡದ್ದು ಎದೆಯ ನಡುವೆ ನಿಲ್ಲುತ್ತದೆ ಎಂದು ಅವರು ಹೇಳಿದರೆ ಗ್ಯಾಸಿನ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ಡಾಕ್ಟರೇ ಹಾಗೆ ಮಾಡಿದರೆ ಇನ್ನೊಬ್ಬರಲ್ಲಿಗೆ ಹೋಗಿ.

ನಮ್ಮ ಅಪ್ಪಯ್ಯನಿಗೆ 76 ವರ್ಷ. ಕುಚ್ಚಲಕ್ಕಿ ಅನ್ನ ನಿಲ್ಲುತ್ತಿತ್ತು, ಗಂಜಿ ತೆಳಿಯೂ ನಿಲ್ಲುತ್ತಿತ್ತು, ಒಮ್ಮೊಮ್ಮೆ ಬರೀ ನೀರೂ ಇಳಿಯುತ್ತಿರಲಿಲ್ಲ. ಉಡುಪಿಯ ಒಂದು ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿ 'ನಾರ್ಮಲ್' ಎಂದರು, ಆಸಿಡಿಟಿ ಮಾತ್ರೆ ಹೆಚ್ಚಿಸಿದರು. ರಾತ್ರಿ ಮಲಗಿದರೆ ಕೆಮ್ಮು ಶುರುವಾದಾಗ ಇನ್ನೊಂದು ಕಡೆ ಅಸ್ತಮಾ ಎಂದು ಇನ್‌ಹೇಲರ್ ಕೊಟ್ಟರು. ಅಂಗಿ ಹೆಗಲಿನಿಂದ ಜಾರುವಷ್ಟು ಇಳಿದುಹೋದರು. "ವಯಸ್ಸಾಯ್ತಲ್ಲ" ಎಂಬ ಮಾತು ಎಲ್ಲಿ ಹೋದರೂ ಸಿಕ್ಕಿತು. ಕೊನೆಗೆ ನ್ಯುಮೋನಿಯಾ ಆಗಿ ದಾಖಲಾದರು.

ಮಂಗಳೂರಿನ ಗ್ಯಾಸ್ಟ್ರೋ ಡಾಕ್ಟರು ಮೊದಲು ಕೇಳಿದ್ದೇ, "ಅಜ್ಜ, ಮೇಲೆ ಬರುವುದು ಹುಳಿ ನೀರಾ, ಅಲ್ಲ ಉಂಡ ಅನ್ನವೇ ಬರ್ತದಾ?" ಅಪ್ಪಯ್ಯ ಹೇಳಿದರು, "ಅನ್ನವೇ ಡಾಕ್ಟ್ರೇ. ಬೆಳಿಗ್ಗೆ ತಲೆದಿಂಬಿನ ಮೇಲೆ ಅಗುಳು ಇರ್ತದೆ."

ಕಾಯಿಲೆಯ ಹೆಸರು ಅಕಲೇಷಿಯಾ ಕಾರ್ಡಿಯಾ. ಅನ್ನನಾಳದ ನರಕೋಶಗಳು ನಾಶವಾಗಿ, ಹೊಟ್ಟೆಗೆ ಸೇರುವ ಬಾಗಿಲಿನ ಸ್ನಾಯು ನುಂಗಿದಾಗ ಸಡಿಲವಾಗುವುದಿಲ್ಲ. ಊಟ ಮೇಲೆಯೇ ಉಳಿದು, ಮಲಗಿದಾಗ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಮ್ಮೂ ನ್ಯುಮೋನಿಯಾವೂ ಅದರಿಂದಲೇ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವಂಥದ್ದು, ಅಪರೂಪವೇ. ಆದರೆ ಆ ಒಂದು ಪ್ರಶ್ನೆ ಕೇಳಲು ಯಾವ ಯಂತ್ರವೂ ಬೇಕಿರಲಿಲ್ಲ, ನನ್ನ ಸಿಟ್ಟು ಅದಕ್ಕೆ. ಗಡ್ಡೆಯಿಂದ ದಾರಿ ಕಿರಿದಾದರೆ ಸಾಮಾನ್ಯವಾಗಿ ಮೊದಲು ಗಟ್ಟಿ ಆಹಾರ ನಿಲ್ಲುತ್ತದೆ, ನೀರು ಆಮೇಲೆ. ಶುರುವಿನಿಂದಲೇ ಎರಡೂ ನಿಂತರೆ ಅನ್ನನಾಳದ ಚಲನೆಯನ್ನು ಸಂಶಯಿಸಬೇಕು.

ಆರಂಭದಲ್ಲಿ ಎಂಡೋಸ್ಕೋಪಿಯಲ್ಲಿ ಇದು ಕಾಣದೆಯೂ ಇರಬಹುದು. ಬೇರಿಯಂ (ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ದ್ರವ) ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಅನ್ನನಾಳದ ತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಕಂಡಿತು. ಮ್ಯಾನೊಮೆಟ್ರಿಯಲ್ಲಿ ಖಚಿತವಾಯಿತು, ಮೂಗಿನಿಂದ ಸಪೂರ ನಳಿಕೆ ಇಳಿಸಿ ಒತ್ತಡ ಅಳೆಯುವ ಪರೀಕ್ಷೆ ಅದು, ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಹಿರಿಯರ ವಿಷಯದಲ್ಲಿ ಇನ್ನೊಂದು ಗಂಭೀರ ಸಂಗತಿ: ಹೊಟ್ಟೆಯ ಬಾಯಿಯ ಕ್ಯಾನ್ಸರ್ ಕೂಡ ಥೇಟ್ ಹೀಗೆಯೇ ಕಾಣಿಸಿಕೊಳ್ಳಬಹುದು. ಬೇಗ ಬೇಗ ತೂಕ ಇಳಿದಿದ್ದರೆ ಅದು ಇಲ್ಲವೆಂದು ಖಾತ್ರಿ ಮಾಡಿಕೊಳ್ಳದೆ ಮುಂದುವರಿಯಬಾರದು. ನಮಗೆ ಮತ್ತೆ ಎಂಡೋಸ್ಕೋಪಿ, ಬಯಾಪ್ಸಿ, ಸಿಟಿ ಸ್ಕ್ಯಾನ್ ಎಲ್ಲ ಆಯಿತು.

ಸತ್ತ ನರಗಳು ಮರಳಿ ಬರುವುದಿಲ್ಲ, ಬಿಗಿದ ಬಾಗಿಲು ಸಡಿಲಿಸುವುದೇ ಚಿಕಿತ್ಸೆ. ಸ್ನಾಯು ಸೀಳುವ ಹೆಲ್ಲರ್ ಶಸ್ತ್ರಚಿಕಿತ್ಸೆ 1913ರಿಂದ ಇದೆ. ಅದೇ ಸ್ನಾಯುವನ್ನು ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಸೀಳುವ ಪೋಯಮ್ ಎಂಬುದನ್ನು ಜಪಾನಿನ ಡಾಕ್ಟರು ಇನೊವೆ 2008ರಲ್ಲಿ ಮೊದಲು ಮಾಡಿದರು. ತೀರಾ ನಿಶ್ಶಕ್ತರಿಗೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಮದ್ದು ಅಲ್ಲಿಗೆ ಚುಚ್ಚುತ್ತಾರೆ, ಅದರ ಗುಣ ಕೆಲವು ತಿಂಗಳು ಮಾತ್ರ. ಅಪ್ಪಯ್ಯನಿಗೆ ಆ ಬಾಗಿಲಲ್ಲಿ 30 ಮಿಲಿಮೀಟರಿನ ಬಲೂನ್ ಉಬ್ಬಿಸಿ ಹಿಗ್ಗಿಸಿದರು. ಅನ್ನನಾಳ ಹರಿಯುವ ಅಪಾಯ ಸ್ವಲ್ಪ ಇರುವುದರಿಂದ ಸರ್ಜನ್ ಇರುವಲ್ಲೇ ಮಾಡಿಸಬೇಕು. ಈಗ ಮೆತ್ತಗಿನ ಅನ್ನ ಉಣ್ಣುತ್ತಾರೆ, ತಲೆಭಾಗ ಎತ್ತರಿಸಿ ಮಲಗುತ್ತಾರೆ, ಮತ್ತೆ ಬಿಗಿದರೆ ಇನ್ನೊಮ್ಮೆ ಮಾಡಬೇಕಾದೀತು.

ಇನ್ನೊಂದು ಮಾತು. ಇಂಥವರಿಗೆ ಎಂಡೋಸ್ಕೋಪಿ ಎಂದರೆ ಸಾಮಾನ್ಯ ಉಪವಾಸ ಸಾಲದೆ ಹೋಗಬಹುದು. ಹಿಂದಿನ ದಿನದ ಅನ್ನವೂ ಅನ್ನನಾಳದಲ್ಲಿ ಉಳಿದಿರಬಹುದು, ಮಂಪರಿನ ಮದ್ದು ಕೊಟ್ಟಾಗ ಶ್ವಾಸಕೋಶಕ್ಕೆ ಇಳಿಯಬಹುದು. ಉಂಡದ್ದು ಮೇಲೆ ಬರುತ್ತದೆ ಎಂದು ಅರಿವಳಿಕೆಯವರಿಗೆ ಮೊದಲೇ ತಿಳಿಸಿ, ಎಷ್ಟು ದಿನ ಮುಂಚಿನಿಂದ ಬರೀ ದ್ರವಾಹಾರ ಕೊಡಬೇಕು ಎಂದು ಕೇಳಿಕೊಳ್ಳಿ.