ಹೊಸ ಜಾಝ್‌ಗಾಗಿ ಕಟ್ಟಿದ ಚಂದಾ: ಎರಡು ಮಳೆಗಾಲದ ನಂತರ

2024ರ ಜನವರಿಯಲ್ಲಿ, ಅಡಿಕೆ ಸುಲಿತ ಇನ್ನೂ ಮುಗಿಯದಿದ್ದಾಗ, ಸಂಗೀತ ಕೇಳಿಸುವ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಮರುವರ್ಷವೂ ಕಟ್ಟಿದೆ. ಹೊಸ ಜಾಝ್ ಆಲ್ಬಮ್‌ಗಳನ್ನು ಹೊರಬಂದ ದಿನವೇ ಕೇಳಬೇಕೆಂಬುದು ನನ್ನ ಹುಚ್ಚು. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ. ಇಲ್ಲಿ ಸ್ಯಾಕ್ಸೊಫೋನ್ ಎಂದರೆ ಕದ್ರಿ ಗೋಪಾಲನಾಥ್, ಮುಗಿಯಿತು. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ 2008ರ ‘ಕಿನ್ಸ್‌ಮೆನ್’ ಆಲ್ಬಮ್‌ನಲ್ಲಿ ಕದ್ರಿಯವರು ನುಡಿಸಿದ್ದನ್ನು ಕೇಳಿದ ಮೇಲೆ ನಾನು ಈ ಕಡೆ ವಾಲಿದವನು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. 2015ರಿಂದ ಜಗತ್ತಿನ ಬಹುತೇಕ ಆಲ್ಬಮ್‌ಗಳು ಶುಕ್ರವಾರ ಬಿಡುಗಡೆಯಾಗುತ್ತವೆ. ಚಂದಾ ಕಟ್ಟಿದ ಮೊದಲ ವರ್ಷವೇ ಸುಗ್ಗಿ. ಫೆಬ್ರವರಿಯಲ್ಲಿ ಪಿಯಾನೊ ವಾದಕ ವಿಜಯ್ ಅಯ್ಯರ್ ಅವರ ‘ಕಂಪ್ಯಾಷನ್’, ಮಾರ್ಚ್ 15ಕ್ಕೆ, ತಮ್ಮ 86ನೆಯ ಹುಟ್ಟುಹಬ್ಬದ ದಿನವೇ, ಸ್ಯಾಕ್ಸೊಫೋನ್ ವಾದಕ ಚಾರ್ಲ್ಸ್ ಲಾಯ್ಡ್ ಅವರ ಎರಡು ಡಿಸ್ಕ್‌ಗಳ ಆಲ್ಬಮ್, ಯುಗಾದಿ ಕಳೆದ ಶುಕ್ರವಾರ ಶಬಾಕಾ ಹಚಿಂಗ್ಸ್. ಒಂದೊಂದನ್ನೂ ಬಿಡಿಯಾಗಿ ಕೊಂಡಿದ್ದರೆ ಚಂದಾಕ್ಕಿಂತ ಹೆಚ್ಚೇ ಆಗುತ್ತಿತ್ತು.

‘ಕಂಪ್ಯಾಷನ್’ ಹಾಕಿದ ರಾತ್ರಿ ಸದ್ದೇ ಬರಲಿಲ್ಲ. ನೆಟ್‌ವರ್ಕ್ ಹೋಯಿತೆಂದು ಮೊಬೈಲ್ ಹಿಡಿದು ಅಂಗಳಕ್ಕೆ ಓಡಿದೆ. ಅರ್ಧ ದಾರಿಯಲ್ಲೇ ಪಿಯಾನೊ ಶುರುವಾಯಿತು. ಅದನ್ನು ಹೊರತಂದ ಇಸಿಎಂ ಸಂಸ್ಥೆಗೆ ಆಲ್ಬಮ್‌ನ ಮೊದಲಲ್ಲಿ ಐದು ಸೆಕೆಂಡ್ ಮೌನ ಇಡುವ ರೂಢಿಯಿದೆ ಎಂದು ಆಮೇಲೆ ತಿಳಿಯಿತು. ಮಲೆನಾಡಿನಲ್ಲಿ ಇರುವವನಿಗೆ ಆ ಮೌನ ಕಲೆಯೋ ಟವರಿನ ಕಾಟವೋ ಹೇಗೆ ಗೊತ್ತಾಗಬೇಕು?

ಈಗ ತಕರಾರು. ಆ್ಯಪ್‌ನವರ ‘ನಿಮಗಾಗಿ ಹೊಸ ಜಾಝ್’ ಎಂಬ ಪಟ್ಟಿಯನ್ನು ಎರಡು ವರ್ಷ ನೋಡಿದ್ದೇನೆ. ಹತ್ತರಲ್ಲಿ ಏಳು ಹೋಟೆಲ್ ಲಾಬಿಯಲ್ಲಿ ಹಾಕುವ ಸಪ್ಪೆ ಸರಕು. ಅದಕ್ಕಿಂತ ಸಿಟ್ಟು ಬರುವುದು ಹೆಸರುಗಳ ವಿಷಯಕ್ಕೆ. ಲಾಯ್ಡ್ ಅವರ ಆಲ್ಬಮ್ ತೆರೆದರೆ ಕಾಣುವುದು ಲಾಯ್ಡ್ ಒಬ್ಬರೇ. ಪಿಯಾನೊ ಜೇಸನ್ ಮೊರಾನ್, ಬೇಸ್ ಲ್ಯಾರಿ ಗ್ರೆನೇಡಿಯರ್, ಡ್ರಮ್ಸ್ ಬ್ರಯಾನ್ ಬ್ಲೇಡ್ ಎಂಬುದನ್ನು ಬೇರೆಡೆ ಹುಡುಕಿ ತಿಳಿದುಕೊಂಡೆ. ಮದ್ದಳೆಗೆ ಯಾರು, ಚೆಂಡೆಗೆ ಯಾರು ಎಂದು ವಿಚಾರಿಸದೆ ಆಟಕ್ಕೆ ಹೊರಡುವವರು ನಮ್ಮ ಕಡೆ ಇಲ್ಲ. ಜಾಝ್‌ನಲ್ಲೂ ಅರ್ಧ ಸುಖ ಅಲ್ಲೇ ಇರುವುದು.

2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ, ನಾಲಾ ಸಿನೆಫ್ರೋ ಅವರ ‘ಎಂಡ್‌ಲೆಸ್‌ನೆಸ್’ ಬಂತು. ಹಾರ್ಪ್, ಸಿಂಥಸೈಜರ್, ಸ್ಯಾಕ್ಸೊಫೋನ್. ಸುಮಾರು 45 ನಿಮಿಷ. ಹತ್ತು ಭಾಗಗಳಿಗೂ ‘ಕಂಟಿನ್ಯೂಮ್’ ಎಂದೇ ಹೆಸರು, ಗುರುತಿಗೆ ಒಂದರಿಂದ ಹತ್ತರವರೆಗೆ ಸಂಖ್ಯೆ. ಬಿಡಿ ಸ್ವರಗಳ ಒಂದೇ ಸರಪಳಿ ಸೂರಿನ ಹನಿಯ ಹಾಗೆ ಕೊನೆಯವರೆಗೂ ಸಾಗುತ್ತದೆ. ಒಂದು ಭಾಗ ಮುಗಿದದ್ದು, ಇನ್ನೊಂದು ಹಿಡಿದದ್ದು ಕಿವಿಗೆ ತಿಳಿಯಬಾರದು. ನನಗೆ ಪ್ರತಿ ಸಲವೂ ತಿಳಿಯುತ್ತಿತ್ತು: ನಡುನಡುವೆ ಅರ್ಧ ಸೆಕೆಂಡಿನ ತೂತು. ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ, ದೂರು ಬರೆದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಉತ್ತರ ಬಂತು. ತೂತು ಹಾಗೆಯೇ ಉಳಿಯಿತು. ಹೂರಣ ರುಬ್ಬುತ್ತಿದ್ದ ಅಮ್ಮ ಒಳಗಿನಿಂದಲೇ, “ಶ್ರುತಿ ಮಾಡುವುದು ಇನ್ನೂ ಮುಗಿಯಲಿಲ್ಲವೇನೋ ಅವರದು?” ಎಂದು ಕೇಳಿದರು. ತೂತಿಲ್ಲದೆ ಕೇಳಿಸಿದ್ದರೆ ಹಾಗೆ ಅನ್ನುತ್ತಿರಲಿಲ್ಲ ಎಂಬುದು ನನ್ನ ವಾದ.

ಎರಡನೆಯ ಮಳೆಗಾಲದಲ್ಲಿ ಪೂರ್ತಿ ಕೈಕೊಟ್ಟಿತು. ಜುಲೈಯಲ್ಲಿ ಮರ ಬಿದ್ದು ಲೈನ್ ಹೋಯಿತು, ಹಿಂದೆಯೇ ನೆಟ್‌ವರ್ಕ್ ಕೂಡ. ಅದಕ್ಕೆಂದೇ ನಲವತ್ತು ಆಲ್ಬಮ್ ಡೌನ್‌ಲೋಡ್ ಮಾಡಿಟ್ಟಿದ್ದೆ. ಆದರೆ ಈ ಆ್ಯಪ್ ತಿಂಗಳಿಗೊಮ್ಮೆಯಾದರೂ ಇಂಟರ್ನೆಟ್ ಮುಟ್ಟಿ ಬರಬೇಕು. ಆ ವಾಯಿದೆ ಸರಿಯಾಗಿ ಕತ್ತಲೆಯ ವಾರದಲ್ಲೇ ತೀರಿತು. ನಲವತ್ತೂ ಬೂದು ಬಣ್ಣಕ್ಕೆ ತಿರುಗಿ ಬೀಗ ಬಿದ್ದವು. ಹೊರಗೆ ಎಡೆಬಿಡದ ಮಳೆ, ತೋಟದಲ್ಲಿ ಕೊಳೆರೋಗದ ಚಿಂತೆ, ಕೈಯಲ್ಲಿ ದುಡ್ಡು ಕೊಟ್ಟು ಮೂಕವಾದ ಮೊಬೈಲ್.

ಅಂದಿನಿಂದ ಮನಸ್ಸಿಗೆ ಹಿಡಿದ ಆಲ್ಬಮ್‌ಗಳನ್ನು ಫೈಲ್ ರೂಪದಲ್ಲಿ ಕೊಳ್ಳುತ್ತಿದ್ದೇನೆ. ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಡಿಜಿಟಲ್ ಮಾರಾಟದ ಶೇ. 10ರಿಂದ 15ರಷ್ಟನ್ನು ಮಾತ್ರ ಅವರು ಇಟ್ಟುಕೊಳ್ಳುತ್ತಾರೆ. ಪಾವತಿಯ ಖರ್ಚು ಕಳೆದು ಉಳಿದದ್ದು ಕಲಾವಿದರಿಗೆ ಅಥವಾ ಅವರ ಸಂಸ್ಥೆಗೆ. ಸಿ.ಡಿ. ಗುಣಮಟ್ಟದ ಧ್ವನಿಗೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಫ್ಲ್ಯಾಕ್ ಎಂಬ ಫೈಲ್ ನಮೂನೆ ಏನನ್ನೂ ಕಳೆಯದೆ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಶಿವಮೊಗ್ಗಕ್ಕೆ ಹೋದಾಗ ಭಾವನ ಮನೆಯ ವೈಫೈಯಲ್ಲಿ ಇಳಿಸಿಕೊಂಡು ಬರುತ್ತೇನೆ. ‘ಎಂಡ್‌ಲೆಸ್‌ನೆಸ್’ ಈಗ ತೂತಿಲ್ಲದೆ ಹರಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ತಿರುಗಿಸಿದ್ದು ಶಬಾಕಾ ಅವರದನ್ನು. ಸ್ಯಾಕ್ಸೊಫೋನ್‌ನಲ್ಲಿ ಹೆಸರು ಮಾಡಿದ ಮನುಷ್ಯ ಆಗ ಅದನ್ನು ಬದಿಗಿಟ್ಟು ಜಪಾನಿನ ಬಿದಿರ ಕೊಳಲು ಶಾಕುಹಾಚಿಯನ್ನು ಹಿಡಿದಿದ್ದರು. ಬಂದ ಹೊಸತರಲ್ಲಿ ಮಂಕಾಗಿದೆ ಎನ್ನಿಸಿ ಎರಡು ನಕ್ಷತ್ರ ಕೊಟ್ಟಿದ್ದೆ. ಮಳೆ ಹಿಡಿದ ಮೇಲೆ, ಸ್ವರಕ್ಕೂ ಮೊದಲು ಕೇಳುವ ಆ ಉಸಿರಿಗೆ ಕಿವಿ ಹೊಂದಿತು. ಈಗ ಐದು. ಶುಕ್ರವಾರ ಕೇಳಿ ಶನಿವಾರ ತೀರ್ಪು ಬರೆಯುವ ಚಟವನ್ನು ನನಗೆ ಬಿಡಿಸಿದ್ದು ಇದೇ ಆಲ್ಬಮ್.

ಜನವರಿಯಲ್ಲಿ ಚಂದಾ ಮತ್ತೆ ಕಟ್ಟುತ್ತೇನೆ, ರುಚಿ ನೋಡುವುದಕ್ಕೆ ಮಾತ್ರ. ಆ್ಯಪ್‌ಗೆ ಐದರಲ್ಲಿ ಎರಡೂವರೆ. ಕೊಂಡ ಫೈಲ್‌ಗಳ ಪೆನ್ ಡ್ರೈವ್ ಹಪ್ಪಳದ ಡಬ್ಬಿಯಲ್ಲಿದೆ. ಆಷಾಢದಲ್ಲೂ ಥಂಡಿ ಹೊಗದ ಜಾಗ ನಮ್ಮ ಮನೆಯಲ್ಲಿ ಅದೊಂದೇ.